ರಾತ್ರಿಯ ನೀರಡಿಕೆ

ಸೂರ್ಯಾಸ್ತವಾದ ಬಳಿಕ ನಮ್ಮ ಮನೆಯಲ್ಲಿ ನೀರನ್ನೂ ಮುಟ್ಟುವುದಿಲ್ಲ. ಬಾಲ್ಯದಿಂದ ಪಾಲಿಸಿಕೊಂಡು ಬಂದ ಈ ನಿಯಮ ನನಗೆ ಸಂಯಮದ ಮೊದಲ ಪಾಠ. ಅದೇ ನಿಯಮ ಒಮ್ಮೆ ನನ್ನ ಕೈಯಿಂದ ಹಿಂಸೆ ಮಾಡಿಸಿದ ಬಗೆಯನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹುಮನಾಬಾದಿನ ನನ್ನ ತಂಗಿಯ ಮೊಮ್ಮಗ, ಏಳು ವರ್ಷದವನು, ಬೇಸಿಗೆಯ ರಜೆಗೆ ಬಸವಕಲ್ಯಾಣದ ನಮ್ಮ ಮನೆಗೆ ಬಂದಿದ್ದ. ರಾತ್ರಿ ನಾಲ್ಕೈದು ಸಲ ಎದ್ದು ನೀರು ಬೇಡುತ್ತಿದ್ದ. ಅಷ್ಟೇ ಸಲ ಮೂತ್ರಕ್ಕೆ ಹೋಗುತ್ತಿದ್ದ. "ಅಜ್ಜಾ, ಭಾಳ ನೀರಡಿಕಿ ಆಗ್ಯಾದ" ಎಂದು ಅಂಗಲಾಚಿದಾಗ ಹಟವೆಂದು ಬಗೆದು ಗದರಿದೆ. ಒಂದು ರಾತ್ರಿ ಅಡುಗೆಮನೆಗೆ ಚಿಲಕವನ್ನೇ ಹಾಕಿದೆ. ನಸುಕಿನಲ್ಲಿ ಎದ್ದು ನೋಡಿದರೆ, ಮಗು ಬಚ್ಚಲಿನ ಹಂಡೆಯಿಂದ ಬೊಗಸೆಯಲ್ಲಿ ನೀರು ಮೊಗೆದು ಕುಡಿಯುತ್ತಿತ್ತು.

ಊರಿಗೆ ಮರಳಿದ ಮೇಲೆ ಬೆನ್ನುನೋವು ಆರಂಭವಾಯಿತು. ಮೂಳೆಯ ಕ್ಷಯವಿರಬೇಕೆಂದು ಎಲ್ಲರೂ ಊಹಿಸಿದೆವು. ಹೈದರಾಬಾದಿನಲ್ಲಿ ಚಿತ್ರ ತೆಗೆಸಿದಾಗ ಬೆನ್ನೆಲುಬಿನ ಒಂದು ಮಣಿ ಕುಸಿದು ನಾಣ್ಯದಂತೆ ಚಪ್ಪಟೆಯಾಗಿತ್ತು. ಬಯಾಪ್ಸಿಯ ಬಳಿಕ ವೈದ್ಯರು ಹೇಳಿದ ಹೆಸರು, ಲ್ಯಾಂಗರ್‌ಹಾನ್ಸ್ ಕೋಶಗಳ ಹಿಸ್ಟಿಯೊಸೈಟೋಸಿಸ್.

1868ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಚರ್ಮದಲ್ಲಿ ಕಂಡ ಕೋಶಗಳನ್ನು ನರಕೋಶಗಳೆಂದೇ ತಿಳಿದಿದ್ದ. ಅವು ದೇಹವನ್ನು ಕಾಯುವ ಕೋಶಗಳೆಂದು ಗೊತ್ತಾದದ್ದು ಬಹುಕಾಲದ ಮೇಲೆ. ಅವನ್ನು ಹೋಲುವ ಕೋಶಗಳು ಮಿತಿಮೀರಿ ಕೂಡಿಕೊಂಡು ಮೂಳೆಯನ್ನು ಸವೆಸುವುದೇ ಈ ರೋಗ. ಅನೇಕರಲ್ಲಿ ಇದರ ಮೂಲ ಬಿ-ರಾಫ್ ಎಂಬ ಜೀನಿನ ದೋಷವೆಂದು 2010ರಲ್ಲಿ ತಿಳಿದುಬಂತು. ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 5 ಮಂದಿಗೆ ಮಾತ್ರ ಬರುವಂಥದು. ಕೆಲವರಲ್ಲಿ ಅದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ತೊಟ್ಟನ್ನೂ ಹಿಡಿಯುತ್ತದೆ. ಆಗ ದೇಹದಲ್ಲಿ ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ತಿಳಿಸುವ ಹಾರ್ಮೋನು ಕುಗ್ಗಿ, ಕುಡಿದದ್ದೆಲ್ಲ ಹರಿದುಹೋಗುತ್ತದೆ. ಅಂಥವರಿಗೆ ನೀರು ತಡೆದರೆ ಪ್ರಾಣಕ್ಕೇ ಅಪಾಯವೆಂದು ವೈದ್ಯರು ಹೇಳಿದಾಗ ನಾನು ತಲೆ ತಗ್ಗಿಸಿದೆ.

ಒಂದು ವರ್ಷ ವಿನ್‌ಬ್ಲಾಸ್ಟಿನ್, ಪ್ರೆಡ್ನಿಸೊಲೋನ್ ಚಿಕಿತ್ಸೆ ನಡೆಯಿತು. ಕುಸಿದ ಮಣಿ ತಕ್ಕಮಟ್ಟಿಗೆ ಎತ್ತರ ಪಡೆದಿದೆ. ಹಾರ್ಮೋನಿನ ಕೊರತೆ ಮಾತ್ರ ಉಳಿದಿದೆ. ಡೆಸ್ಮೊಪ್ರೆಸಿನ್ ಔಷಧವನ್ನು ದಿನವೂ ತೆಗೆದುಕೊಳ್ಳುತ್ತಾನೆ.

ಆ ವರ್ಷದ ಕ್ಷಮಾವಾಣಿಯಂದು ಹುಮನಾಬಾದಿಗೆ ಹೋಗಿ, ಎಲ್ಲರಿಗಿಂತ ಮೊದಲು ಆ ಬಾಲಕನಿಗೆ ಕೈಮುಗಿದೆ. ಅವನು ಕೇಳಿದ್ದು ಇಷ್ಟೇ: "ಅಜ್ಜಾ, ಈಗ ನಿಮ್ಮನ್ಯಾಗ ರಾತ್ರಿ ನೀರು ಸಿಗ್ತಾದೇನು?"

ಸಿಗುತ್ತದೆ. ಅವನು ಬಂದಾಗ ಸೋಸಿದ ನೀರಿನ ತಂಬಿಗೆಯನ್ನು ಅವನ ತಲೆದಿಂಬಿನ ಬಳಿ ನಾನೇ ಇಡುತ್ತೇನೆ. ನನ್ನ ವ್ರತ ಇಂದಿಗೂ ಭಂಗವಾಗಿಲ್ಲ. ಆದರೆ ವ್ರತವನ್ನು ಕೈಗೊಂಡವನು ನಾನು. ಅದರ ಭಾರವನ್ನು ಇನ್ನೊಬ್ಬರ ನೀರಡಿಕೆಯ ಮೇಲೆ ಹೊರಿಸುವ ಅಧಿಕಾರ ನನಗೆ ಎಂದೂ ಇರಲಿಲ್ಲ.