ಊಡ ಇಳಿದ ನೆಲದಲ್ಲಿ

ಬಾಗೇಪಲ್ಲಿ ದಾಟಿ, ಕೊಡಿಕೊಂಡದ ಬಳಿ ಹೆದ್ದಾರಿ ಬಿಟ್ಟು ಗೋರಂಟ್ಲದ ಕಡೆ ತಿರುಗಿದ ಮೇಲೆ ಅಂಗಡಿ ಹಲಗೆಗಳ ಅಕ್ಷರ ತೆಲುಗಿಗೆ ಬದಲಾಯಿತು, ಮಣ್ಣು ಬದಲಾಗಲಿಲ್ಲ. ಅದೇ ಕೆಂಪು ನೆಲ, ಅದೇ ಬೋಳು ಬಂಡೆಗುಡ್ಡ, ಶ್ರಾವಣದ ಹನಿಗೆ ಹಸಿರಾದ ಕಡಲೆಕಾಯಿ ಹೊಲ. ಒಂದು ಬದುವಿನ ಮೇಲೆ ನೀರು ಕುಡಿಯಲು ಕೂತಾಗ ಕಳೆ ಕೀಳುತ್ತಿದ್ದ ಅಜ್ಜಿ ಗಿಡವೊಂದನ್ನು ಕಿತ್ತು ತೋರಿಸಿದರು. ಹಳದಿ ಹೂ ಬಾಡಿದ ಕಡೆಯಿಂದ ಸೂಜಿಯಂಥ ಕುಡಿ ನೆಲದತ್ತ ಹೊರಟಿತ್ತು. ಅದು ಮಣ್ಣು ಹೊಕ್ಕರೆ ಮಾತ್ರ ಕಾಯಿ ಕಟ್ಟುವುದು. “ಊಡಲು ದಿಗುತುನ್ನಾಯಿ” ಎಂದರು ಅಜ್ಜಿ. ಆ ಕುಡಿಯೇ ಊಡ, ಅದು ಇಳಿಯುತ್ತಿದೆ. ಆ ಮಾತು ನನ್ನ ಜೊತೆಗೇ ಬಂತು.

ಕದಿರಿಯಲ್ಲಿ ನರಸಿಂಹಸ್ವಾಮಿಗೆ ಕೈಮುಗಿದು ಮತ್ತೆ ಹಳ್ಳಿ ದಾರಿ ಹಿಡಿದೆವು. ಗೂಟಿಬೈಲು ಹತ್ತಿರವಾದಾಗ ಎದುರಿಗೆ ದಟ್ಟ ತೋಪೊಂದು ಕಂಡಿತು. ನಾವು ಹುಡುಕಿ ಬಂದ ಮರ ಎಲ್ಲಿ ಎಂದು ಕೇಳಿದೆ. ಹಣ್ಣುಕಾಯಿ ಮಾರುತ್ತಿದ್ದಾಕೆ ಆ ತುದಿಯಿಂದ ಈ ತುದಿಗೆ ಕೈ ಬೀಸಿ, “ಅಂತಾ ಒಕಟೇ ಮಾನಮ್ಮಾ” ಎಂದಳು. ಅಷ್ಟೂ ಒಂದೇ ಮರ!

ಇದು ತಿಮ್ಮಮ್ಮ ಮರ್ರಿಮಾನು. ತೆಲುಗಿನಲ್ಲಿ ಮರ್ರಿ ಎಂದರೆ ಆಲ, ಮಾನು ಎಂದರೆ ಮರ. ಇದರ ನೆರಳು ಹಬ್ಬಿರುವುದು 19,107 ಚದರ ಮೀಟರ್, ಹತ್ತಿರ ಹತ್ತಿರ ನಾಲ್ಕೂಮುಕ್ಕಾಲು ಎಕರೆ. ನಮ್ಮ ಕಡೆ ಒಂದು ಸಂಸಾರ ಬೇಸಾಯ ಮಾಡಿ ಬದುಕುವಷ್ಟು ನೆಲ. 1989ರಲ್ಲಿ ಇದು ಗಿನ್ನೆಸ್ ಪುಸ್ತಕ ಸೇರಿದ್ದರ ಹಿಂದೆ ಬೆಂಗಳೂರಿನ ಪತ್ರಕರ್ತ ‘ರಿಗ್ರೆಟ್ ಅಯ್ಯರ್’ ಅವರ ಓಡಾಟವಿತ್ತು.

ಒಳಗೆ ಕಾಲಿಟ್ಟರೆ ಬಿಸಿಲು ಚುಕ್ಕಿಚುಕ್ಕಿಯಾಗಿ ಮಾತ್ರ ಇಳಿಯುತ್ತದೆ. ಎಲ್ಲಿ ನೋಡಿದರೂ ಕಂಬಗಳು. ಕೆಲವನ್ನು ಇಬ್ಬರು ಕೈಚಾಚಿದರೂ ತಬ್ಬಲಾಗದು, ಕೆಲವು ಮಗುವಿನ ತೋಳಿನಷ್ಟು. ಕೊಂಬೆ ನೆಲ ಮುಟ್ಟುವಷ್ಟು ಬಾಗಿ, ಅಲ್ಲಿಂದ ಮತ್ತೆ ಎದ್ದು ನಡೆದಿದೆ. ಮೊದಲ ಕಾಂಡ ಯಾವುದೆಂದು ಹುಡುಕುತ್ತಾ ಎರಡು ಸುತ್ತು ಹಾಕಿದೆ, ಗುರುತು ಹತ್ತಲಿಲ್ಲ.

ಮರದಡಿಯ ಗುಡಿಯಲ್ಲಿ ತಿಮ್ಮಮ್ಮ ಇದ್ದಾಳೆ. 1434ರಲ್ಲಿ ಗಂಡನ ಚಿತೆಯೇರಿದಳೆಂದೂ, ಚಿತೆಗೆ ನೆಟ್ಟ ಗೂಟವೊಂದು ಚಿಗುರಿ ಈ ಮರವಾಯಿತೆಂದೂ ಜನ ನಂಬುತ್ತಾರೆ. ಶಿವರಾತ್ರಿಗೆ ಜಾತ್ರೆ, ಮಕ್ಕಳಾಗಲೆಂದು ಹರಕೆ ಹೊರುವವರೂ ಬರುತ್ತಾರೆ. ಬೆಂಕಿಗೆ ಹೋದ ಆ ಹೆಣ್ಣನ್ನು ನೆನೆದು ನನಗೆ ಸಂಕಟವಾಯಿತು. ಆದರೆ ಅವಳ ಹೆಸರಿಗೆ ಅಂಜಿ ಈ ಊರು ತಲೆಮಾರುಗಳಿಂದ ಇಲ್ಲಿ ಕೊಡಲಿ ಎತ್ತಿಲ್ಲ, ನೇಗಿಲು ಹೂಡಿಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಇಷ್ಟು ನೆಲವನ್ನು ಒಂದು ಮರಕ್ಕೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಅಂಚಿನಲ್ಲಿ ಎಳೆಯ ಬಿಳಲೊಂದನ್ನು ಸೀಳಿದ ಬಿದಿರಿನೊಳಗೆ ಇಳಿಬಿಟ್ಟಿದ್ದರು. ಒಳಗೆ ಮಣ್ಣು, ಗೊಬ್ಬರ. ಗಾಳಿಗೆ ಒಣಗದೆ ನೆಲ ತಲುಪಲೆಂದು ಅರಣ್ಯ ಇಲಾಖೆ ಮಾಡಿದ ಉಪಾಯ. ಇದಕ್ಕೆ ಏನನ್ನುತ್ತೀರಿ ಎಂದು ಕಾವಲಿನವರನ್ನು ಕೇಳಿದೆ. “ಊಡ” ಎಂದರು! ಗೇಣುದ್ದದ ಕಡಲೆಕಾಯಿ ಗಿಡಕ್ಕೂ ಐದು ಎಕರೆಯ ಆಲಕ್ಕೂ ಅಜ್ಜಿಯ ಭಾಷೆಯಲ್ಲಿ ಒಂದೇ ಪದ. ಇಳಿದು ಮಣ್ಣು ಸೇರುವುದಕ್ಕೆ ಊಡ ಎಂದು ಹೆಸರಿಟ್ಟವರು ಎರಡನ್ನೂ ಕಣ್ಣಿಟ್ಟು ನೋಡಿದ್ದಾರೆ.

“ಇನ್ನೂ ಬೆಳೆಯುತ್ತದೆಯೇ?” ಎಂದೆ.

“ಕಿಂದ ಮನ್ನು ಉಂಟೇ ಚಾಲು.” ಕೆಳಗೆ ಮಣ್ಣಿದ್ದರೆ ಸಾಕು.

ಆ ಮಾತಿಗೆ ಬೇರೆ ಆಲಗಳೂ ಸಾಕ್ಷಿ. ಕೋಲ್ಕತ್ತದ ಬಳಿಯ ಹಿರಿಯ ಆಲದ ನಡುಕಾಂಡಕ್ಕೆ ಶಿಲೀಂಧ್ರ ತಗುಲಿ 1925ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮ ರಾಮೋಹಳ್ಳಿಯ ದೊಡ್ಡ ಆಲದ ಮರದ ತಾಯಿಕಾಂಡವೂ ರೋಗಕ್ಕೆ ಹೋಯಿತು. ಎರಡು ಮರಗಳೂ ಇಂದಿಗೂ ಹಸಿರಾಗಿವೆ. ಬಿಳಲುಗಳು ನೆಲ ಕಚ್ಚಿದ್ದಕ್ಕೆ.

ರಾತ್ರಿ ಬೆಂಗಳೂರು ಮುಟ್ಟಿದಾಗ ನಮ್ಮ ಬೀದಿಯ ಆಲದ ಕೆಳಗೆ ನಿಂತೆ. ತಲೆಗೆ ತಾಗುತ್ತದೆಂದು ಅದರ ಬಿಳಲುಗಳನ್ನು ಆಳೆತ್ತರದಲ್ಲೇ ಕತ್ತರಿಸಿದ್ದಾರೆ. ಬುಡದ ಸುತ್ತ ಕಾಂಕ್ರೀಟು, ಅದರಾಚೆ ಟಾರು. ಇಷ್ಟು ವರ್ಷ ಅದನ್ನು ದೊಡ್ಡ ಮರವೆಂದೇ ತಿಳಿದಿದ್ದೆ.