ಅಂಗಿಗೆ ಪ್ರಮಾಣ

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುತ್ತಿದ್ದ ಕಾಲದಲ್ಲಿ ಪ್ರಮಾಣಗಳು ನಾಲ್ಕೆಂದು ನಾವು ಕಂಠಪಾಠ ಮಾಡಿದ್ದುಂಟು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಸಾಧಿಸುವುದರಲ್ಲಿಯೇ ಒಂದು ವರ್ಷ ಕಳೆಯಿತು. ಮುಂದೆ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹೈಸ್ಕೂಲಿನ ಹುಡುಗರ ಬಾಯಲ್ಲಿ ರಾಮಶಬ್ದವನ್ನು ಹೇಳಿಸುವುದೇ ನನ್ನ ವೃತ್ತಿಯಾದುದರಿಂದ, ಆ ಹೊಗೆ ಬೆಂಕಿಗಳಿಂದ ಯಾರಿಗಾದರೂ ಪ್ರಯೋಜನವಾದೀತೆಂಬ ಆಸೆ ನನಗೆ ಇರಲಿಲ್ಲ. ಹೀಗಿರಲು ಕಳೆದ ವರ್ಷ ಶ್ರಾವಣಮಾಸದಲ್ಲಿ ಒಂದು ಕ್ರಿಕೆಟ್ ಅಂಗಿಯ ನಿಮಿತ್ತವಾಗಿ ಆ ನಾಲ್ಕು ಪ್ರಮಾಣಗಳೂ ನಮ್ಮ ಅಕ್ಕನ ಮನೆಯ ಜಗಲಿಯ ಮೇಲೆ ಬಂದು ಕುಳಿತುಕೊಂಡವು.

ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಭಾವನವರು ಬೆಂಗಳೂರಿನಲ್ಲಿ ಅಡುಗೆಯ ಗುತ್ತಿಗೆದಾರರೊಬ್ಬರ ಬಳಿ ಕೆಲಸಕ್ಕಿದ್ದವರು. ೧೯೯೬ನೆಯ ಇಸವಿ ಮಾರ್ಚಿ ೯ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯ ನಡೆಯಿತಷ್ಟೆ. ಸಿಧು ೯೩ ರನ್ನುಗಳನ್ನು ಹೊಡೆದದ್ದು, ನಮ್ಮ ವೆಂಕಟೇಶ ಪ್ರಸಾದರು ಆಮೀರ್ ಸೊಹೈಲನ ವಿಕೆಟ್ಟನ್ನು ಉರುಳಿಸಿದ್ದು, ಭಾರತವು ೩೯ ರನ್ನುಗಳಿಂದ ಗೆದ್ದದ್ದು, ಇವನ್ನು ಆ ಕಾಲದವರು ಯಾರೂ ಮರೆತಿರಲಾರರು. ಅಂದು ಆಟಗಾರರ ಕೊಠಡಿಗೆ ಚಹ ತಿಂಡಿಗಳನ್ನು ಒಯ್ಯುವ ಕೆಲಸ ಭಾವನವರ ಪಾಲಿಗೆ ಬಂದಿತ್ತು. ನಡುರಾತ್ರಿ ಕಳೆದ ಮೇಲೆ ಅವರು ಮನೆಗೆ ಬಂದಾಗ ಕಂಕುಳಲ್ಲಿ ಒಂದು ಬಣ್ಣದ ಅಂಗಿಯಿತ್ತು. ಅದರ ಬೆನ್ನಿನ ಮೇಲೆ ಆ ದಿನ ಆಡಿದ ಇಪ್ಪತ್ತೆರಡು ಜನರಲ್ಲಿ ಒಬ್ಬರ ಹೆಸರಿತ್ತು. ‘ಮೈಮೇಲಿಂದ ತೆಗೆದು ಅವರೇ ಕೊಟ್ಟರು’ ಎಂದು ಭಾವನವರು ಆಗ ಹೇಳಿದರು, ಬದುಕಿರುವವರೆಗೂ ಹೇಳುತ್ತಿದ್ದರು. ಆಟಗಾರರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಎರಡು ಸಲ ಪತ್ರ ಹೋಯಿತು, ಉತ್ತರ ಬರಲಿಲ್ಲ. ಜೀವಮಾನದಲ್ಲಿ ಎಷ್ಟು ಅಂಗಿಗಳನ್ನು ಯಾರು ಯಾರಿಗೆ ಕೊಟ್ಟಿದ್ದಾರೋ! ಅವರನ್ನು ದೂರುವುದು ನ್ಯಾಯವಲ್ಲ.

ಭಾವನವರು ತೀರಿಕೊಂಡು ಆರು ವರ್ಷಗಳಾದವು. ಅಕ್ಕನ ಎರಡು ಮಂಡಿಗಳೂ ಸವೆದು, ದೇವರ ಮನೆಯ ಹೊಸ್ತಿಲನ್ನು ದಾಟುವುದೂ ಅವಳಿಗೆ ಕಷ್ಟವಾಯಿತು. ವೈದ್ಯರು ಹೇಳಿದ ಮೊತ್ತವನ್ನು ಕೇಳಿದ ಸೋದರಳಿಯನು ಪೆಟ್ಟಿಗೆಯನ್ನು ತೆಗೆದು ಆ ಅಂಗಿಯ ಚಿತ್ರವನ್ನು ಅಂತರ್ಜಾಲದ ಮಾರುಕಟ್ಟೆಯಲ್ಲಿ ಹಾಕಿದನು. ಒಂದು ವಾರದಲ್ಲಿ ಇಂಗ್ಲೆಂಡಿನ ಸಂಗ್ರಾಹಕರೊಬ್ಬರು ಒಂದೇ ಪಂಕ್ತಿಯಲ್ಲಿ ಕೇಳಿದರು: ಅಂಗಿ ಚೆನ್ನಾಗಿದೆ, ಇದನ್ನು ಆ ಪಂದ್ಯದಲ್ಲಿ ತೊಟ್ಟಿದ್ದರೆಂಬುದಕ್ಕೆ ಆಧಾರವೇನು? ಅಳಿಯನು ಆ ಸಂಜೆಯೇ ಬಸ್ಸು ಹತ್ತಿ ನನ್ನಲ್ಲಿಗೆ ಬಂದನು.

‘ಮಾವ, ನೀವೊಂದು ಕಾಗದ ಬರೆದುಕೊಡಬೇಕು. ಆ ದಿನ ನೀವೂ ಅಪ್ಪನ ಜೊತೆಗಿದ್ದಿರಿ, ಆತ ಅಂಗಿ ತೆಗೆದು ಅಪ್ಪನ ಕೈಗೆ ಕೊಟ್ಟದ್ದನ್ನು ಕಣ್ಣಾರೆ ಕಂಡಿರಿ, ಅಂತ. ಕೆಳಗೆ ಸಂಸ್ಕೃತ ಪಂಡಿತರು ಅಂತ ಸಹಿ ಹಾಕಿದರೆ ನಂಬುತ್ತಾರೆ.’

ಆ ರಾತ್ರಿ ನಾನಿದ್ದದ್ದು ನಮ್ಮ ಊರಿನಲ್ಲಿ, ನೆರೆಮನೆಯವರ ಟೆಲಿವಿಷನ್ನಿನ ಮುಂದೆ. ಅಂಗಿಯನ್ನು ನಾನು ಮೊದಲು ಕಂಡದ್ದು ಆ ವರ್ಷದ ಯುಗಾದಿಗೆ ಅಕ್ಕನ ಮನೆಗೆ ಹೋದಾಗ. ಇದನ್ನು ಹೇಳಿದೆ. ಅವನು ತಲೆ ತಗ್ಗಿಸಿ, ‘ಅಮ್ಮನ ಮಂಡಿಗೋಸ್ಕರ ಮಾವ’ ಎಂದನು. ಊಟವಾದ ಮೇಲೂ ನಾನು ಬರೆಯಲಿಲ್ಲ. ನಿದ್ರೆಯೂ ಬರಲಿಲ್ಲ.

ಗೌತಮ ಮುನಿಗಳು ಶಬ್ದಪ್ರಮಾಣವೆಂದರೆ ಆಪ್ತನ ಉಪದೇಶವೆಂದು ಸೂತ್ರಿಸಿದ್ದಾರೆ. ಆಪ್ತನೆಂದರೆ ನಂಟನೂ ಅಲ್ಲ, ಪಂಡಿತನೂ ಅಲ್ಲ. ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಕಂಡದ್ದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತನು ಎಂದು ಭಾಷ್ಯಕಾರರಾದ ವಾತ್ಸ್ಯಾಯನರ ವಿವರಣೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವರೇ ಸೇರಿಸಿದ್ದಾರೆ. ಇದನ್ನು ಪಾಠ ಹೇಳಿಸಿಕೊಂಡಾಗ ನನಗೆ ಹದಿನೇಳು ವರ್ಷ. ಅರವತ್ತು ದಾಟಿದ ಮೇಲೆ ಸಹಿ ಹಾಕುವ ಲೇಖನಿಗೆ ಇದು ಅಡ್ಡ ಬಂದೀತೆಂದು ಆಗ ಯಾರು ತಿಳಿದಿದ್ದರು?

ಮರುದಿನದಿಂದ ಅಳಿಯನು ತನ್ನ ಯಂತ್ರದಲ್ಲಿ ಓದಿ ಹೇಳಿದ ಸಂಗತಿಗಳನ್ನು ಕೇಳುತ್ತ, ಈ ವ್ಯಾಪಾರದವರು ನನಗಿಂತ ಒಳ್ಳೆಯ ನೈಯಾಯಿಕರೆಂದು ತೋರಿತು. ಅವರು ಹಾಗಾಗುವುದಕ್ಕೆ ಕಾರಣ ಮೋಸವೇ. ಅಮೆರಿಕದಲ್ಲಿ ೧೯೯೦ರ ದಶಕದ ಕೊನೆಗೆ ಅಲ್ಲಿನ ಎಫ್.ಬಿ.ಐ. ಇಲಾಖೆಯವರು ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ಸುಳ್ಳು ಸಹಿಗಳ ಒಂದು ದೊಡ್ಡ ಜಾಲವನ್ನು ಹಿಡಿದರು. ಆ ಜಾಲದಲ್ಲಿ ಸಹಿ ಮಾತ್ರವಲ್ಲ, ಸಹಿ ನಿಜವೆಂದು ಸಾರುವ ಪ್ರಮಾಣಪತ್ರವೂ ಸುಳ್ಳು. ಟೋನಿ ಗ್ವಿನ್ ಎಂಬ ಪ್ರಸಿದ್ಧ ಬೇಸ್‌ಬಾಲ್ ಆಟಗಾರನು ತನ್ನ ತಂಡದ ಅಂಗಡಿಯಲ್ಲಿಯೇ ತಾನು ಮಾಡದ ತನ್ನ ಸಹಿಗಳನ್ನು ಕಂಡನಂತೆ. ತರುವಾಯ ೨೦೦೧ರಲ್ಲಿ ಆ ಆಟದ ಮುಖ್ಯ ಸಂಘದವರು ಒಂದು ಕ್ರಮವನ್ನು ಏರ್ಪಡಿಸಿದರು. ಪ್ರತಿ ಪಂದ್ಯಕ್ಕೂ ಒಬ್ಬ ಸಾಕ್ಷಿಯನ್ನು ನೇಮಿಸುತ್ತಾರೆ. ಇವರಲ್ಲಿ ಹೆಚ್ಚಿನವರು ಪೋಲೀಸು ಇಲಾಖೆಯಲ್ಲಿ ಇರುವವರು ಅಥವಾ ಇದ್ದವರು. ಸಾಕ್ಷಿಯು ತನ್ನ ಕಣ್ಣೆದುರಿಗೆ ಆಟದಿಂದ ಹೊರಬಂದ ಚೆಂಡಿಗೋ ಅಂಗಿಗೋ ಕಿತ್ತರೆ ಹಾಳಾಗುವಂತಹ, ಸಂಖ್ಯೆಯುಳ್ಳ ಹೊಲೋಗ್ರಾಮ್ ಚೀಟಿಯೊಂದನ್ನು ಅಂಟಿಸುತ್ತಾನೆ. ಚೆಂಡು ಪ್ರೇಕ್ಷಕರ ನಡುವೆ ಬಿದ್ದು ಅವನ ಕಣ್ಣಿಗೆ ಮರೆಯಾಯಿತೋ, ಸಾಮಾನ್ಯವಾಗಿ ಆ ಚೀಟಿ ಅದಕ್ಕೆ ದೊರೆಯುವುದಿಲ್ಲ; ಹಿಡಿದವನು ಎಷ್ಟು ಆಣೆಯಿಟ್ಟರೂ ಅಷ್ಟೆ. ಇದು ಕಠಿಣವೆಂದು ಅಳಿಯನಿಗೆ ಅನ್ನಿಸಿತು. ನನಗೆ ವಾತ್ಸ್ಯಾಯನರೇ ಅಲ್ಲಿ ಕಾವಲು ನಿಂತಂತೆ ಕಂಡಿತು.

ಕಣ್ಣಿನ ಸಾಕ್ಷಿಯಿಲ್ಲದ ಹಳೆಯ ವಸ್ತುಗಳಿಗೆ ಅವರು ಅನುಮಾನಪ್ರಮಾಣವನ್ನು ಹಿಡಿದಿದ್ದಾರೆ. ಆ ದಿನದ ಛಾಯಾಚಿತ್ರಗಳನ್ನು ದೊಡ್ಡದು ಮಾಡಿ, ಬಟ್ಟೆಯ ಎಳೆ, ಹೊಲಿಗೆಯ ಸೊಟ್ಟ, ಕಲೆ, ತೇಪೆ, ಅಕ್ಷರದ ಓರೆ, ಇವುಗಳನ್ನು ಒಂದೊಂದಾಗಿ ತಾಳೆ ನೋಡುತ್ತಾರೆ. ಬೇಬ್ ರೂತ್ ಎಂಬ ಮಹಾ ಆಟಗಾರನು ೧೯೩೨ನೆಯ ಅಕ್ಟೋಬರ್ ೧ರಂದು ಚಿಕಾಗೋ ನಗರದಲ್ಲಿ ತೊಟ್ಟ ಅಂಗಿಯು ೨೦೦೫ರಲ್ಲಿ ೯,೪೦,೦೦೦ ಡಾಲರಿಗೆ ಹೋಗಿತ್ತು; ಹೀಗೆ ಚಿತ್ರಗಳೊಡನೆ ತಾಳೆಯಾದ ಮೇಲೆ ೨೦೨೪ರಲ್ಲಿ ಅದಕ್ಕೆ ೨ ಕೋಟಿ ೪೧ ಲಕ್ಷಕ್ಕೂ ಹೆಚ್ಚು ಡಾಲರು ಬಂತು.

ನನ್ನ ಮನಸ್ಸನ್ನು ಹಿಡಿದದ್ದು ಈ ಮೊತ್ತವಲ್ಲ, ಮರಡೋನನ ಅಂಗಿಯ ವ್ಯಾಜ್ಯ. ೧೯೮೬ನೆಯ ಜೂನ್ ೨೨ರಂದು ಮೆಕ್ಸಿಕೋ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ಅರ್ಜೆಂಟೀನವು ಇಂಗ್ಲೆಂಡನ್ನು ೨-೧ರಿಂದ ಸೋಲಿಸಿತು. ಮರಡೋನನು ಕೈಯಿಂದ ತಳ್ಳಿದ ಗೋಲೂ, ಶತಮಾನದ ಗೋಲೆಂದು ಹೊಗಳಿಸಿಕೊಂಡ ಇನ್ನೊಂದೂ ಎರಡನೆಯ ಅರ್ಧದಲ್ಲಿ, ನಾಲ್ಕು ನಿಮಿಷಗಳ ಅಂತರದಲ್ಲಿ ಆದವು. ಆಟ ಮುಗಿದು ಒಳಕ್ಕೆ ಹೋಗುವ ದಾರಿಯಲ್ಲಿ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಎಂಬವರು ಅವನೊಡನೆ ಅಂಗಿಯನ್ನು ಬದಲಾಯಿಸಿಕೊಂಡರು. ಅದು ಸುಮಾರು ಇಪ್ಪತ್ತು ವರ್ಷ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇತ್ತು. ೨೦೨೨ರಲ್ಲಿ ಸೋದಬೀಸ್ ಸಂಸ್ಥೆಯವರು ಅದನ್ನು ಅಂತರ್ಜಾಲದಲ್ಲಿ ಹರಾಜಿಗೆ ಇಟ್ಟಾಗ ಮರಡೋನನ ಮಗಳು ತಡೆದು ನುಡಿದಳು: ತಂದೆಯು ಹಾಡ್ಜರಿಗೆ ಕೊಟ್ಟದ್ದು ಮೊದಲನೆಯ ಅರ್ಧದ ಅಂಗಿ, ಗೋಲು ಹೊಡೆದ ಅಂಗಿಯಲ್ಲ. ಒಂದು ಕಡೆ ಕೈಯಾರೆ ಪಡೆದವರ ಮಾತು, ಇನ್ನೊಂದು ಕಡೆ ಕೊಟ್ಟವನ ಮನೆಯ ಮಾತು. ಇಬ್ಬರಲ್ಲಿ ಯಾರನ್ನೂ ಸುಳ್ಳುಗಾರರೆನ್ನುವ ಹಾಗಿಲ್ಲ.

ಇತ್ಯರ್ಥವಾದದ್ದು ದರ್ಜಿಯ ಅವಸರದಿಂದ. ಸೆಕೆಗೆ ಹಗುರವಾದ ಬಟ್ಟೆ ಬೇಕೆಂದು ಅರ್ಜೆಂಟೀನದವರು ಪಂದ್ಯಕ್ಕೆ ಸ್ವಲ್ಪ ಮೊದಲು ಮೆಕ್ಸಿಕೋ ನಗರದ ಅಂಗಡಿಯಲ್ಲಿ ಅಂಗಿಗಳನ್ನು ಕೊಂಡು, ಲಾಂಛನವನ್ನು ಹೊಲಿಸಿ, ಬೆಳ್ಳಿಬಣ್ಣದ ಅಂಕಿಗಳನ್ನು ಇಸ್ತ್ರಿಯಿಂದ ಅಂಟಿಸಿಕೊಂಡಿದ್ದರು. ಅವಸರದ ಕೈಕೆಲಸವಾದುದರಿಂದ ಒಂದು ಅಂಗಿಯಂತೆ ಇನ್ನೊಂದಿರುವುದು ಕಷ್ಟ. ಪರೀಕ್ಷಕರು ಲಾಂಛನವನ್ನೂ ಪಟ್ಟೆಗಳನ್ನೂ ಅಂಕಿಗಳನ್ನೂ ಎರಡು ಗೋಲುಗಳ ಚಿತ್ರಗಳೊಡನೆ ಹೋಲಿಸಿ, ಇದು ಎರಡನೆಯ ಅರ್ಧದ್ದೇ ಎಂದರು. ಅದು ಮೇ ತಿಂಗಳಲ್ಲಿ ೭೧ ಲಕ್ಷ ಪೌಂಡುಗಳನ್ನು ಮೀರಿ ಮಾರಾಟವಾಯಿತು.

ಅಳಿಯನು ಉತ್ಸಾಹದಿಂದ ನಮ್ಮ ಪಂದ್ಯದ ಚಿತ್ರಗಳನ್ನು ಹುಡುಕತೊಡಗಿದನು. ಆ ಆಟಗಾರರ ಬೆನ್ನು ಸ್ಪಷ್ಟವಾಗಿ ಕಾಣುವ ಚಿತ್ರ ಸಿಕ್ಕಿದ್ದು ಒಂದೇ. ಅದರಲ್ಲಿ ಹೆಸರಿನ ಕೊನೆಯ ಅಕ್ಷರ ಹೊಲಿಗೆಯ ಗೆರೆಗಿಂತ ಸ್ವಲ್ಪ ಮೇಲಕ್ಕೆ ಓರೆಯಾಗಿ ನಿಂತಿದೆ. ನಮ್ಮ ಅಂಗಿಯಲ್ಲಿ ಅದು ನೆಟ್ಟಗೆ ಕುಳಿತಿದೆ. ಎಂದರೆ, ಚಿತ್ರ ತೆಗೆದ ಹೊತ್ತಿನಲ್ಲಿ ಅವರ ಮೈಮೇಲೆ ಇದ್ದದ್ದು ಈ ಅಂಗಿಯಲ್ಲ. ನಡುವೆ ಅಂಗಿ ಬದಲಾಯಿಸಿದ್ದರೆ ಇದೂ ತೊಟ್ಟದ್ದೇ ಆಗಬಹುದು. ಹಾಗಿಲ್ಲದಿದ್ದರೆ ಇದು ಪೆಟ್ಟಿಗೆಯಲ್ಲಿಯೇ ಮಡಿಸಿ ಇಟ್ಟಿದ್ದ ಇನ್ನೊಂದು. ಈ ವ್ಯಾಪಾರದಲ್ಲಿ ಆಟದಲ್ಲಿ ತೊಟ್ಟ ಅಂಗಿಗೂ, ಆಟಕ್ಕೆಂದು ಆಟಗಾರನಿಗೆ ಕೊಟ್ಟು ತೊಡದೆ ಉಳಿದ ಅಂಗಿಗೂ ಬೇರೆ ಬೇರೆ ಹೆಸರುಗಳಿವೆ, ಬೆಲೆಯಲ್ಲಿ ಅಜಗಜಾಂತರ. ಇಷ್ಟರಲ್ಲಿ ಒಬ್ಬ ದಲ್ಲಾಳಿಯು, ಚಿತ್ರವನ್ನು ಕಳುಹಿಸಿದರೆ ಸಾಕು, ಅಂಗಿಯನ್ನು ನೋಡದೆಯೇ ಹೊಳೆಯುವ ಚೀಟಿಯೊಡನೆ ಪ್ರಮಾಣಪತ್ರವನ್ನು ಕೊಡುವೆನೆಂದು ಬರೆದನು. ಅಳಿಯನು ಒಂದು ದಿನ ಯೋಚಿಸಿದನೆಂಬುದನ್ನು ನಾನು ಮುಚ್ಚಿಡಲಾರೆ. ಆಮೇಲೆ ಅವನೇ ಬೇಡವೆಂದನು.

ನಾವು ಜಗಲಿಯಲ್ಲಿ ಕುಳಿತು ಈ ಅಕ್ಷರದ ಓರೆಯನ್ನು ವಿಚಾರಿಸುತ್ತಿದ್ದಾಗ ಅಕ್ಕ ಗೋಡೆ ಹಿಡಿದುಕೊಂಡು ಹೊರಕ್ಕೆ ಬಂದಳು.

‘ಹಾಗಾದರೆ ನಿಮ್ಮ ಭಾವ ಸುಳ್ಳು ಹೇಳಿದರು ಅನ್ನುತ್ತೀಯಾ?’

ನಾನು ಏನೇನೋ ಹೇಳಿದೆ. ಸೀತೆಯು ಹನುಮಂತನನ್ನೇ ರಾವಣನೆಂದು ಶಂಕಿಸಿದಳು, ಅದು ಹನುಮಂತನಿಗೆ ಅವಮಾನವಲ್ಲ; ರಾಮನ ಲಕ್ಷಣಗಳನ್ನೆಲ್ಲ ಅವನ ಬಾಯಿಂದ ಕೇಳಿ, ಹೆಸರು ಕೆತ್ತಿದ ಉಂಗುರವನ್ನೂ ಕಂಡಮೇಲೆ ಸಂಪೂರ್ಣವಾಗಿ ನಂಬಿದಳು, ಎಂದೆ. ಭರತನು ಕೂಡ ಪಾದುಕೆಗಳನ್ನು ಸುಮ್ಮನೆ ಒಯ್ಯಲಿಲ್ಲ, ಎಲ್ಲರೆದುರಿಗೆ ಅಣ್ಣನು ಅವುಗಳ ಮೇಲೆ ಕಾಲಿಟ್ಟು ಇಳಿದ ಮೇಲೆ ಒಯ್ದನು, ಎಂದೆ. ಪಾಠ ಹೇಳುವ ಚಾಳಿ ಸುಲಭವಾಗಿ ಹೋಗುವಂತಹದಲ್ಲ. ಅಕ್ಕ ಕೇಳುತ್ತಿದ್ದಳು, ಆದರೆ ಅವಳ ಕಣ್ಣಿದ್ದದ್ದು ಅಂಗಿಯ ಮೇಲೆ.

‘ನೀನು ಓದಿದವನು, ಸರಿ. ಆ ರಾತ್ರಿ ಅದನ್ನು ಒಗೆದವಳು ನಾನು. ಎಷ್ಟು ಬೆವರು ನಾರುತ್ತಿತ್ತು ಅಂತೀಯ! ಮೈಲಿಗೆ ಬಟ್ಟೆ, ಒಳಕ್ಕೆ ತರಬೇಡಿ ಅಂದೆ. ಬಚ್ಚಲಲ್ಲಿ ನೆನೆಹಾಕಿದೆ. ಮೊಣಕೈ ಹತ್ತಿರ ಹುಲ್ಲಿನ ಹಸಿರು ಕರೆ ಹತ್ತಿತ್ತು, ಬೆಳಗ್ಗೆ ಎರಡು ಸಲ ಸಾಬೂನು ಹಾಕಿ ಉಜ್ಜಿದೆ, ಆಮೇಲೆ ಹೋಯಿತು.’

ಅಳಿಯನೂ ನಾನೂ ಮುಖ ಮುಖ ನೋಡಿಕೊಂಡೆವು. ಇಪ್ಪತ್ತು ದಿನಗಳಿಂದ ಆಟಗಾರರಿಗೆ ಬರೆದಿದ್ದೆವು, ಚಿತ್ರಗಳನ್ನು ಜಾಲಿಸಿದ್ದೆವು, ವಾತ್ಸ್ಯಾಯನರನ್ನು ಎಬ್ಬಿಸಿದ್ದೆವು. ಮನೆಯೊಳಗೆ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದ ಪ್ರತ್ಯಕ್ಷ ಸಾಕ್ಷಿಯನ್ನು ಒಂದು ಮಾತೂ ಕೇಳಿರಲಿಲ್ಲ. ಸಂಗ್ರಾಹಕರು ಯಾವ ಬೆವರಿಗೂ ಮಣ್ಣಿಗೂ ಹಣ ಕೊಡುತ್ತಾರೋ ಅದನ್ನು ಅಕ್ಕ ಮಡಿಯ ಶ್ರದ್ಧೆಯಿಂದ ತೊಳೆದುಬಿಟ್ಟಿದ್ದಳು. ಆದರೆ ತೊಳೆಯುವುದಕ್ಕೆ ಅದು ಇದ್ದಿತೆಂಬುದನ್ನು ಬಲ್ಲವಳೂ ಅವಳೊಬ್ಬಳೇ.

ಕಾಗದವನ್ನು ನಾನು ಬರೆದೆ, ಹೇಳಿದ್ದು ಅವಳು. ಗಂಡನು ಪಂದ್ಯದ ರಾತ್ರಿ ಇದನ್ನು ಮನೆಗೆ ತಂದದ್ದನ್ನು ನಾನು ಕಂಡೆನು, ಬೆವರಿನಿಂದ ಒದ್ದೆಯಾಗಿತ್ತು, ಮೊಣಕೈಯಲ್ಲಿ ಹುಲ್ಲಿನ ಕರೆಯಿತ್ತು, ನಾನೇ ಒಗೆದೆನು, ಆಟಗಾರರು ತೆಗೆದುಕೊಟ್ಟರೆಂದು ಗಂಡನು ಹೇಳಿದನು, ಅದನ್ನು ನಾನು ಕಾಣೆ. ಈ ಕೊನೆಯ ಮಾತನ್ನು ಬರೆಯುವಾಗ ನಾನು ಅವಳ ಮುಖವನ್ನು ನೋಡಿದೆ. ‘ಬರಿ, ನಿಜ ತಾನೆ’ ಎಂದಳು. ‘ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟೆ’ ಎಂದು ನಾನು ಸೇರಿಸಿದ್ದನ್ನು ಹೊಡೆದುಹಾಕಿಸಿ ‘ಬೇವಿನ ಎಲೆ’ ಎಂದು ತಿದ್ದಿಸಿದಳು. ಅದರ ಕೆಳಗೆ ನಾನು ಯುಗಾದಿಯಂದು ಅಂಗಿಯನ್ನು ಆ ಮನೆಯಲ್ಲಿ ಕಂಡದ್ದಿಷ್ಟನ್ನು ನನ್ನ ಸಹಿಯೊಡನೆ ಬರೆದೆ. ತಾಳೆಯಾಗದ ಆ ಚಿತ್ರವನ್ನೂ ಅಳಿಯನು ಜೊತೆಗಿಟ್ಟನು. ಅದನ್ನು ಕೊಳ್ಳುವವರು ತಾವಾಗಿಯೇ ಕಂಡುಹಿಡಿದರೆ ಉಳಿದ ಮಾತಿಗೂ ಬೆಲೆಯಿರುವುದಿಲ್ಲವೆಂದು ಅವನೇ ಹೇಳಿದನು.

ಒಂಬತ್ತು ದಿನಗಳ ಮೇಲೆ ಇಂಗ್ಲೆಂಡಿನಿಂದ ಒಂದು ಪ್ರಶ್ನೆ ಬಂತು: ಕರೆಯಿದ್ದದ್ದು ಯಾವ ಮೊಣಕೈಯಲ್ಲಿ? ಅಳಿಯನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದನು. ಅಕ್ಕ ತೊಗರಿಬೇಳೆಯನ್ನು ಆರಿಸುತ್ತಿದ್ದಳು. ತಲೆಯೆತ್ತದೆ, ‘ಎಡಗೈ’ ಎಂದಳು.

ಆ ಮಹಾಶಯರು ಅದರಿಂದ ಏನನ್ನು ಗ್ರಹಿಸಿದರೋ, ಅಂಗಿಯನ್ನು ಕೊಂಡರು. ತೊಟ್ಟದ್ದೆಂದು ಸಿದ್ಧವಾದ ಅಂಗಿಗೆ ಬರುವ ಬೆಲೆಯಲ್ಲ, ತೊಡದ ಅಂಗಿಯ ಬೆಲೆಯೂ ಅಲ್ಲ, ನಡುವಿನದು. ಕಾರ್ತಿಕದಲ್ಲಿ ಅಕ್ಕನ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಎಡಮಂಡಿಗೆ ಹಣ ಸಾಲದು. ಅದನ್ನು ಬರುವ ವರ್ಷ ನೋಡಬೇಕೆಂದು ಅಳಿಯನು ಹೇಳುತ್ತಾನೆ.