ಮಹಡಿಯ ಮೇಲಿನ ಮುಸಾಫಿರ್

ಯಾತ್ರಿಕನ ಹಕ್ಕುಗಳ ಕುರಿತು ನಾವು ಮದ್ರಸದ ದಿನಗಳಿಂದಲೂ ಕೇಳುತ್ತ ಬಂದವರು. ಆದರೆ ಆ ಯಾತ್ರಿಕನೆಂದರೆ ಒಂಟೆಯೇರಿ ಮರುಭೂಮಿಯ ಧೂಳಿನಲ್ಲಿ ಬರುವವನೆಂಬ ಚಿತ್ರವೇ ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅವನು ಒಂದೂವರೆ ವರ್ಷದಿಂದ ನಮ್ಮ ತಲೆಯ ಮೇಲಿನ ಮಹಡಿಯಲ್ಲಿಯೇ ವಾಸಿಸುತ್ತಿದ್ದಾನೆಂಬುದು ನಮಗೆ ಅರಿವಾದದ್ದು 2018ರ ಜನವರಿಯಲ್ಲಿ, ಮೈಸೂರಿನಲ್ಲಿ.

ನಾವು ಮೂವರು ದಕ್ಷಿಣ ಕನ್ನಡದವರು, ಮನೆಯಲ್ಲಿ ಬ್ಯಾರಿ ಮಾತನಾಡುವವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತ ಸರಸ್ವತಿಪುರಂನ ಒಂದು ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದೆವು. ಮಹಡಿಯ ಒಂಟಿ ಕೋಣೆಯಲ್ಲಿ ಯೆಮನ್ ದೇಶದ ತಾಯಿಝ್ ನಗರದ ವಿದ್ಯಾರ್ಥಿಯೊಬ್ಬನಿದ್ದನು. ಮೆಟ್ಟಿಲಿನಲ್ಲಿ ಎದುರಾದಾಗ ಸಲಾಮ್ ಹೇಳುತ್ತಿದ್ದೆವು. ನಮ್ಮ ಸಂಬಂಧ ಅಷ್ಟಕ್ಕೇ ನಿಂತಿತ್ತು. ಒಂದು ಸಂಜೆ ಮನೆಯೊಡತಿಯಾದ ಹಿರಿಯ ಅಮ್ಮ ನಮ್ಮ ಬಾಗಿಲಿಗೆ ಬಂದು ಕೇಳಿದರು: "ಮೇಲಿನ ಹುಡುಗ ನಿಮ್ಮವನೇ ಅಲ್ಲವೇನ್ರಪ್ಪಾ? ಅವನ ತಂದೆ ತೀರಿಕೊಂಡು ಹತ್ತು ದಿನ ಆಯ್ತಂತೆ. ಊಟಾನೂ ಸರಿಯಾಗಿ ಮಾಡ್ತಿಲ್ಲ. ನಾನೇ ಎರಡು ಸಲ ಅನ್ನ, ಸಾರು ಕೊಟ್ಟೆ. ನಿಮಗೆ ಹೇಳಲಿಲ್ವಾ?"

ಅವನು ಹೇಳಿರಲಿಲ್ಲ. ನಾವು ಕೇಳಿರಲೂ ಇಲ್ಲ. 'ನಿಮ್ಮವನೇ' ಎಂಬ ಆ ಒಂದು ಮಾತು ನಮ್ಮನ್ನು ಮೆಟ್ಟಿಲು ಹತ್ತಿಸಿತು.

ಸನಆ ವಿಮಾನ ನಿಲ್ದಾಣವು 2016ರ ಆಗಸ್ಟ್‌ನಿಂದ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿತ್ತು. ಏಡನ್‌ನಲ್ಲಿ ಇಳಿದರೂ ಯುದ್ಧದಿಂದ ಇಬ್ಭಾಗವಾಗಿದ್ದ ಅವನ ನಗರವನ್ನು ಸೇರಲು ಬೆಟ್ಟದ ದಾರಿ ಹಿಡಿಯಬೇಕಿತ್ತು. ಹೋದವನು ವ್ಯಾಸಂಗ ಮುಗಿಸಲು ಮರಳಿ ಬರಬಲ್ಲನೆಂಬ ಭರವಸೆಯೂ ಇರಲಿಲ್ಲ. ಹಾಗಾಗಿ ಅವನು ತನ್ನ ತಂದೆಗಾಗಿ ಆ ಕೋಣೆಯಲ್ಲಿ ಒಬ್ಬನೇ ನಿಂತು ಗಾಇಬ್ ಮಯ್ಯಿತ್ ನಮಾಝ್ ನಿರ್ವಹಿಸಿದ್ದನು. ಕೆಳಗಿನ ಕೋಣೆಯಲ್ಲಿ ನಾವು ಮೂವರಿದ್ದೆವು. ಸಾಂತ್ವನದ ಮಾತು ತೋಚದೆ ನಮ್ಮಲ್ಲೊಬ್ಬನು, "ಶುಕ್ರವಾರ ಗಣರಾಜ್ಯೋತ್ಸವದ ರಜೆ. ನಮ್ಮ ಜೊತೆ ಊರು ಸುತ್ತಲು ಬಾ" ಎಂದುಬಿಟ್ಟನು. ಆಡಿದ ಮೇಲೆ ಆ ಮಾತು ನಮಗೇ ಅಸಂಬದ್ಧವೆನಿಸಿತು. ಅವನು ಮಾತ್ರ ಕ್ಷಣಕಾಲ ನಮ್ಮನ್ನು ನೋಡಿ, ಬರುತ್ತೇನೆಂದನು.

ಶುಕ್ರವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆದೆವು. ನೀರಿನ ಮೇಲಿನ ಮಂಜು ಕರಗಿದಾಗ ದೂರದಲ್ಲಿ ಚಾಮುಂಡಿ ಬೆಟ್ಟ ಕಾಣಿಸಿತು. ಅವನು ನಿಂತುಬಿಟ್ಟನು. ಮೂರು ಸಾವಿರ ಮೀಟರ್‌ನಷ್ಟು ಎತ್ತರದ ಸಬಿರ್ ಪರ್ವತದ ತಪ್ಪಲಿನಲ್ಲಿದೆ ಅವನ ತಾಯಿಝ್ ನಗರ. ಈ ಊರಿಗೆ ಬಂದ ಮೊದಲ ದಿನ ನಗರದ ಬೆನ್ನಿಗೆ ಬೆಟ್ಟವೊಂದನ್ನು ಕಂಡೇ ತನಗೆ ಧೈರ್ಯ ಬಂದಿತ್ತೆಂದು ಅವನು ಹೇಳಿದನು. ಅಂದು ಮೊದಲ ಬಾರಿಗೆ ತಂದೆಯ ಬಗ್ಗೆಯೂ ಮಾತನಾಡಿದನು. ಅವರು ಶಾಲಾ ಶಿಕ್ಷಕರಾಗಿದ್ದರು. ಮಗನನ್ನು ಬೀಳ್ಕೊಡುವಾಗ, ವಿದ್ಯೆ ಮುಗಿಯದೆ ಹಿಂದಿರುಗಬೇಡವೆಂದಿದ್ದರಂತೆ.

ಬಳಿಕ ಹೋಟೆಲೊಂದರಲ್ಲಿ ಫಿಲ್ಟರ್ ಕಾಫಿ ಕುಡಿಯಲು ಕುಳಿತೆವು. ಹಜ್ಜ್‌ನಿಂದ ಮರಳುವಾಗ ಬಾಬಾ ಬುಡನ್ ಅವರು ಯೆಮನ್‌ನ ಮೊಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ನಾವು ಅವನಿಗೆ ತಿಳಿಸಿದೆವು. ಮೊಖಾ ಅವನ ತಾಯಿಝ್ ಪ್ರಾಂತಕ್ಕೇ ಸೇರಿದ್ದು! ತಮ್ಮಲ್ಲಿ ಕಾಫಿಯ ಸಿಪ್ಪೆಗೆ ಶುಂಠಿ ಬೆರೆಸಿ ಕುದಿಸುವ 'ಕಿಶ್ರ್' ಎಂಬ ಪಾನೀಯವನ್ನು ಅವನು ವರ್ಣಿಸಿದನು. ಹಾಲು ಬೆರೆತ ನಮ್ಮ ಕಾಫಿಯ ಲೋಟವನ್ನು ತಿರುಗಿಸಿ ನೋಡುತ್ತ, "ಹಾಗಾದರೆ ಇದು ನನಗಿಂತ ಮೊದಲೇ ಇಲ್ಲಿಗೆ ಬಂದು ನೆಲೆಸಿದೆ" ಎಂದು ನಕ್ಕನು. ಅವನ ನಗುವನ್ನು ನಾವು ನೋಡಿದ್ದು ಅದೇ ಮೊದಲು.

ಜುಮುಅಕ್ಕೆ ಅಶೋಕ ರಸ್ತೆಯ ಮಸೀದಿಗೆ ಹೋದೆವು. ಪ್ರವಚನ ಉರ್ದುವಿನಲ್ಲಿತ್ತು. ಕರಾವಳಿಯವರಾದ ನಮಗೆ ಅದು ಅರ್ಧ ತಿಳಿಯಿತು, ಅವನಿಗೆ ಏನೂ ತಿಳಿಯಲಿಲ್ಲ. ಆದರೆ ಅರಬಿ ಖುತ್ಬಾ ಆರಂಭವಾದಾಗ ಅವನು ತಲೆಯೆತ್ತಿದನು. ನಮಗೆ ಬಾಲ್ಯದಿಂದ ಕೇವಲ ಧ್ವನಿಯಾಗಿ ಪರಿಚಿತವಾಗಿದ್ದ ಆ ವಾಕ್ಯಗಳು ಅವನ ಮನೆಯ ಮಾತುಗಳಾಗಿದ್ದವು. ಬದುಕಿರುವ ಮತ್ತು ಅಗಲಿದ ಸತ್ಯವಿಶ್ವಾಸಿಗಳಿಗಾಗಿ ಪ್ರಾರ್ಥಿಸಲಾದಾಗ ಅವನ ಭುಜಗಳು ಅದುರಿದವು. ನಾವು ರೂಢಿಯಿಂದ ಹೇಳುವ 'ಆಮೀನ್' ಎಷ್ಟು ಭಾರವುಳ್ಳದ್ದೆಂದು ಅಂದು ತಿಳಿಯಿತು. ಆ ಸಾಲಿನಲ್ಲಿ ಪರದೇಶಿಗಳು ಯಾರೆಂದು ನಮಗೇ ಸಂಶಯವಾಯಿತು.

ಮಧ್ಯಾಹ್ನ ಅದೇ ರಸ್ತೆಯಲ್ಲಿ ನಡೆದು, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳನ್ನು ನೋಡಿದೆವು. ಅವನು ಮೊಬೈಲಿನಲ್ಲಿ ತನ್ನೂರಿನ ಅಶ್ರಫಿಯಾ ಮಸೀದಿಯ ಚಿತ್ರ ತೋರಿಸಿದನು. ಅಲ್ಲಿಯೂ ಎರಡು ಮಿನಾರಗಳು. ಸಂಜೆ ದೇವರಾಜ ಮಾರುಕಟ್ಟೆಯ ಮಲ್ಲಿಗೆ, ಅತ್ತರುಗಳ ಪರಿಮಳವನ್ನು ದಾಟಿ, ಮಗ್ರಿಬ್ ಮುಗಿಸಿ ಅರಮನೆಯ ಮುಂದೆ ನಿಂತೆವು. 1897ರಲ್ಲಿ ಸುಟ್ಟುಹೋದ ಮರದ ಅರಮನೆಯ ಜಾಗದಲ್ಲಿ 1912ರ ಹೊತ್ತಿಗೆ ಎದ್ದು ನಿಂತ ಕಟ್ಟಡವಿದು. ಕುದುರೆ ವ್ಯಾಪಾರಕ್ಕಾಗಿ ಪರ್ಶಿಯಾದ ಶಿರಾಝ್‌ನಿಂದ ಬೆಂಗಳೂರಿಗೆ ಬಂದ ಅಲಿ ಅಸ್ಕರ್ ಅವರ ಮೊಮ್ಮಗ ಸರ್ ಮಿರ್ಝಾ ಇಸ್ಮಾಯಿಲ್ 1926ರಿಂದ 1941ರವರೆಗೆ ಈ ಸಂಸ್ಥಾನದ ದಿವಾನರಾಗಿದ್ದರೆಂದು ತಿಳಿಸಿದಾಗ ಅವನಿಗೆ ನಂಬಲಾಗಲಿಲ್ಲ. ಹೊರಗಿನಿಂದ ಬಂದವರನ್ನು ತನ್ನವರನ್ನಾಗಿ ಮಾಡಿಕೊಂಡ ನಾಡಿದು. ಇದನ್ನು ಅಭಿಮಾನದಿಂದ ಹೇಳುತ್ತಲೇ, ನಾವು ಮಾಡಿದ್ದೇನೆಂಬ ಪ್ರಶ್ನೆ ನಮ್ಮನ್ನು ಕುಟುಕಿತು.

ಅಷ್ಟರಲ್ಲಿ ಅರಮನೆಯ ದೀಪಗಳೆಲ್ಲ ಒಮ್ಮೆಲೇ ಬೆಳಗಿದವು. ಯುದ್ಧ ಆರಂಭವಾದಂದಿನಿಂದ ವಿದ್ಯುತ್ ಕಡಿತಗೊಂಡಿದ್ದ ನಗರದ ಮಗನು ಬಹಳ ಹೊತ್ತು ಮಾತಿಲ್ಲದೆ ನಿಂತನು. ನಂತರ ತಾಯಿಗೆ ವಿಡಿಯೋ ಕರೆ ಮಾಡಿ ಆ ಬೆಳಕನ್ನು ತೋರಿಸಿದನು. ಅಲ್ಲಿ ಇನ್ನೂ ಹಗಲಿತ್ತು. ಆ ತಾಯಿ ಅರಮನೆಯ ಬಗ್ಗೆ ಏನೂ ಕೇಳಲಿಲ್ಲ. ಜೊತೆಯಲ್ಲಿ ಯಾರಿದ್ದಾರೆಂದಷ್ಟೇ ಕೇಳಿದರು. "ಇಖ್ವಾನೀ" ಎಂದನು. ನನ್ನ ಸಹೋದರರು! ಅಷ್ಟು ಅರಬಿ ನಮಗೂ ಅರ್ಥವಾಗುತ್ತಿತ್ತು. ನಾವು ಮೂವರೂ ತಲೆ ತಗ್ಗಿಸಿದೆವು.

ಆ ರಾತ್ರಿ ಇಶಾ ಬಳಿಕ ಮನೆಯ ತಾರಸಿಯಲ್ಲಿ ಅವನ ಹಿಂದೆ ನಿಂತು, ನಾವು ಎಂದೂ ಕಾಣದ ಆ ಶಿಕ್ಷಕರಿಗಾಗಿ ಗಾಇಬ್ ಮಯ್ಯಿತ್ ನಮಾಝ್ ನಿರ್ವಹಿಸಿದೆವು. ತಡವಾಗಿತ್ತು, ನಿಜ. ಆದರೆ ಈ ಸಲ ಅವನು ಒಬ್ಬನೇ ಇರಲಿಲ್ಲ.

ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 36ನೆಯ ವಚನವು ಉತ್ತಮ ವರ್ತನೆಗೆ ಅರ್ಹರಾದವರನ್ನು ಎಣಿಸುವಾಗ ನೆರೆಯವನು, ಪಕ್ಕದ ಸಂಗಾತಿ ಮತ್ತು ಯಾತ್ರಿಕ ಇವರನ್ನು ಒಟ್ಟಿಗೇ ಸ್ಮರಿಸುತ್ತದೆ. ನಮ್ಮ ಗೆಳೆಯ ಈ ಮೂರೂ ಆಗಿದ್ದನು. ವಚನವನ್ನು ನಾವು ಓದಿದ್ದೆವು. ಅದರಂತೆ ನಡೆದವರು ಮಾತ್ರ ಅನ್ನ, ಸಾರು ಕೊಟ್ಟ ಆ ಅಮ್ಮ.

ನಮ್ಮ ಮಕ್ಕಳೂ ಇಂದು ದೂರದ ಊರುಗಳಲ್ಲಿ, ದೇಶಗಳಲ್ಲಿ ಕಲಿಯುತ್ತಿದ್ದಾರೆ. ಅಲ್ಲಿ ಯಾರಾದರೂ ಅವರ ಬಾಗಿಲು ತಟ್ಟಲಿ ಎಂದು ಪ್ರಾರ್ಥಿಸುವ ನಾವು, ನಮ್ಮ ಬೀದಿಯಲ್ಲಿರುವ ಪರವೂರಿನ ವಿದ್ಯಾರ್ಥಿಯ ಬಾಗಿಲನ್ನು ಒಮ್ಮೆಯಾದರೂ ತಟ್ಟಿದ್ದೇವೆಯೇ? ಸಲಾಮ್ ಹೇಳಿ ಮುಂದೆ ಸಾಗದೆ, ಒಂದು ನಿಮಿಷ ನಿಂತು ಕ್ಷೇಮ ವಿಚಾರಿಸುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.